ಹೋರಿ ಬೆಲೆಯ ತಿದ್ದಿದ ಸಾಲು

ಶನಿವಾರ ಬೆಳಿಗ್ಗೆ ವಿಠ್ಠಲ ಕರೆಗಂಟೆ ಒತ್ತಿದಾಗ ರಮಾ ಶಹರ್ಬಾನುವಿನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಳು. ಸೋಲ್ನಾದ ಆ ಕಟ್ಟಡದಲ್ಲಿ ರಮಾಳದು ಎರಡನೇ ಮಹಡಿ, ಶಹರ್ಬಾನುವಿನದು ನಾಲ್ಕನೆಯದು. ಬೀದರಿನಲ್ಲಿ ಪಶುವೈದ್ಯಕೀಯ ಓದಿ ಹತ್ತು ವರ್ಷ ದನಗಳ ಆರೈಕೆ ಮಾಡಿದ್ದ ಶಹರ್ಬಾನು, ಗಂಡ ಖಾಸಿಂನಿಗೆ ಎಂಜಿನಿಯರ್ ಕೆಲಸ ಸಿಕ್ಕಿದ್ದರಿಂದ ಸ್ವೀಡನ್ನಿಗೆ ಬಂದಿದ್ದಳು. ಇಲ್ಲಿ ವೈದ್ಯೆಯಾಗಬೇಕಾದರೆ ಸ್ವೀಡಿಷ್ ಬರಬೇಕು. ಪಾಠಪುಸ್ತಕ ಅವಳಿಗೆ ಹಿಡಿಸಲಿಲ್ಲ. ರೈತರ ವಾರಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದಿಯೇ ಭಾಷೆ ಕಲಿಯುತ್ತಿದ್ದಳು. ಬಟ್ಟೆ ಒಗೆಯುವ ಕೋಣೆಯಿಂದ ಮಾಯವಾಗುತ್ತಿದ್ದ ಕಂಬಳಿಗಳನ್ನು ಪತ್ತೆ ಹಚ್ಚಿದ ಮೇಲೆ, ಯಾರ ಮನೆಯಲ್ಲಿ ಏನು ಕಳೆದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು.

ವಿಠ್ಠಲ ಕೋಟನ್ನೂ ಬಿಚ್ಚದೆ ಕುರ್ಚಿಯ ತುದಿಗೆ ಕೂತ. "ಅಕ್ಕ, ಆಫೀಸಿಗೆ ಬರಬೇಡ ಅಂದ್ಬಿಟ್ರು. ಮಂಡೇ ಡಿಸೈಡ್ ಮಾಡ್ತಾರಂತೆ. ನವೆಂಬರಿಗೆ ನನ್ನ ವರ್ಕ್ ಪರ್ಮಿಟ್ ಮುಗಿಯತ್ತೆ. ಬಾಸ್ ಬಿರ್ಗಿಟ್ಟಾ ಸೈನ್ ಮಾಡ್ಲಿಲ್ಲ ಅಂದ್ರೆ ಹೆಂಡತಿ, ಮಗೂನ ಕರ್ಕೊಂಡು ವಾಪಸ್ ಹೋಗೋದೇ."

ರಮಾ, ವಿಠ್ಠಲ ಇಬ್ಬರೂ ಒಂದೇ ಕಡೆ ಕೆಲಸ ಮಾಡುತ್ತಿದ್ದರು. ಮಾಂಸಕ್ಕಾಗಿ ದನ ಸಾಕುವ ಎಂಟುನೂರು ರೈತರಿಗೆ ಪ್ರತಿ ಗುರುವಾರ ಬೆಲೆಯ ಮುನ್ನೋಟ ಕಳಿಸುವ, ಸೋಲ್ನಾದಲ್ಲೇ ಇದ್ದ ಸಣ್ಣ ಕಂಪನಿ ಅದು. ಲೆಕ್ಕ ಹಾಕಿ ಕರಡು ಬರೆಯುವವಳು ರಮಾ. ಪತ್ರ ಸಿದ್ಧವಾಗುವ ಸಾಫ್ಟ್‌ವೇರ್ ವಿಠ್ಠಲನದು. ಈ ವಾರ, ಅಂದರೆ 2004ರ ಅಕ್ಟೋಬರ್ ಏಳರ ಪತ್ರದಲ್ಲಿ, ಅವಳು ಬರೆಯದ ಸಾಲೊಂದು ಅಚ್ಚಾಗಿತ್ತು.

ರಮಾ ಎರಡೂ ಹಾಳೆ ತಂದು ಮೇಜಿನ ಮೇಲಿಟ್ಟಳು. ಅವಳ ಕರಡು ಹೀಗಿತ್ತು: "ಮುಂದಿನ ವರ್ಷ ನಲವತ್ತನೇ ವಾರ, ಅಕ್ಟೋಬರ್ ಮೂರರಿಂದ, ಎಳೆ ಹೋರಿಗಳ ಬೆಲೆ ಸ್ವಲ್ಪ ಏರಬಹುದು." ಅಚ್ಚಾದದ್ದು: "ಮುಂದಿನ ವರ್ಷ ನಲವತ್ತೊಂದನೇ ವಾರ, ಅಕ್ಟೋಬರ್ ಮೂರರಿಂದ, ಎಳೆ ಹೋರಿಗಳ ಬೆಲೆ ಕಿಲೋಗೆ ಮೂರು ಕ್ರೋನಾ ಕುಸಿಯಲಿದೆ." ಉಳಿದ ಅಂಕಿಗಳೆಲ್ಲ ಇದ್ದ ಹಾಗೇ ಇದ್ದವು.

"ಯಾವಾಗ ತಿದ್ದಿದ್ದು?" ಎಂದಳು ಶಹರ್ಬಾನು.

"ಬುಧವಾರ ಮೂರೂ ಇಪ್ಪತ್ತಕ್ಕೆ, ನನ್ನ ಲಾಗಿನ್‌ನಿಂದ," ಎಂದ ವಿಠ್ಠಲ. "ಮಗೂಗೆ ಜ್ವರ ಅಂತ ದಾಗಿಸ್‌ನಿಂದ, ಅದೇ ಡೇಕೇರ್‌ನಿಂದ, ಫೋನ್ ಬಂತು. ಮೂರಕ್ಕೇ ಹೊರಟೆ. ಆದ್ರೆ ಮನೆಯಿಂದಲೂ ಲಾಗಿನ್ ಆಗಬಹುದಲ್ಲ ಅಂತಾರೆ. ಪಾಸ್‌ವರ್ಡ್ ಚೀಟಿ ಕೀಬೋರ್ಡ್ ಕೆಳಗೇ ಇತ್ತು. ಎಲ್ಲರಿಗೂ ಗೊತ್ತು."

"ಆಗ ಉಳಿದವರು?"

"ಫೀಕಾ," ಎಂದಳು ರಮಾ. ಮೂರು ಗಂಟೆಯ ಕಾಫಿಯನ್ನು ಅಲ್ಲಿ ಯಾರೂ ತಪ್ಪಿಸುವಂತಿರಲಿಲ್ಲ. "ನಡುವೆ ಎದ್ದು ಹೋದೋರು ಇಬ್ಬರೇ. ಪತ್ರ ತಿದ್ದೋ ಲೆನ್ನಾರ್ಟ್ ಸಿಗರೇಟಿಗೆ ಅಂತ ಹತ್ತು ನಿಮಿಷ ಹೋಗಿದ್ದ. ರೈತರನ್ನ ಮಾತಾಡಿಸೋ ಹೆನ್ರಿಕ್ ಫೋನ್ ಬಂತು ಅಂತ ಎರಡು ನಿಮಿಷ ಹೋಗಿದ್ದ. ನಂಗೆ ಲೆನ್ನಾರ್ಟ್ ಮೇಲೇ ಅನುಮಾನ, ಬಾನಕ್ಕ. ಅವನ ತಂಗಿ ಹಸು ಸಾಕಿ ಕರು ಮಾರ್ತಾಳೆ. ಹೆನ್ರಿಕ್ ಅಯೋವಾದಲ್ಲಿ ಓದಿ ಬಂದೋನು, ಹೋದ ವರ್ಷ ಅಲ್ಲಿಂದ್ಲೇ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. ಅವನಿಗೆ ಅಮೆರಿಕದ ಕತೆ ಹೇಳೋದು ಬಿಟ್ರೆ ಬೇರೆ ಗೊಡವೆ ಇಲ್ಲ."

ಶಹರ್ಬಾನು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಬೆರಳಾಡಿಸಿದಳು. ಆಮೇಲೆ ಗೋಡೆಯ ಮೂಲೆಯಲ್ಲಿದ್ದ ಹಳೆಯ ಪತ್ರಿಕೆಗಳ ರಾಶಿ ಎಳೆದುಕೊಂಡು ಜಾಹೀರಾತಿನ ಪುಟಗಳನ್ನೇ ತಿರುವತೊಡಗಿದಳು. ಒಂದು ಕಡೆ ನಿಂತು ನಿಧಾನವಾಗಿ ಓದಿದಳು: "ಕರುಗಳು ಬೇಕು. ಮುನ್ನೂರು ಗಂಡುಕರು, ಅಕ್ಟೋಬರ್ ನಡುವಿನಿಂದ. ಹೊಸ ಕೊಟ್ಟಿಗೆ. ಸ್ಯಾಂಡ್‌ವಿಕೆನ್ ಹತ್ತಿರ." ಕೆಳಗೊಂದು ಫೋನ್ ನಂಬರಿತ್ತು.

"ರಮಾ, ನಿಮ್ಮ ಆಫೀಸಿನೋರ ಫೋನ್ ನಂಬರ್ ಪಟ್ಟಿ ಇದೆಯಾ? ಆಮೇಲೆ ನಿನ್ನ ಬಾಸ್ ಹತ್ರ ಸೋಮವಾರಕ್ಕೆ ಹತ್ತು ನಿಮಿಷ ಕೇಳು."

ಏನು ಹೊಳೆಯಿತೆಂದು ರಮಾ ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಭಾನುವಾರವಿಡೀ ರಮಾ ಆ ಎರಡು ಸಾಲುಗಳನ್ನೇ ಓದಿದಳು. ಬೆಲೆ ಏರುವುದಕ್ಕೂ ಇಳಿಯುವುದಕ್ಕೂ ಇರುವ ವ್ಯತ್ಯಾಸ ಬಿಟ್ಟು ಬೇರೇನೂ ಅವಳ ಕಣ್ಣಿಗೆ ಬೀಳಲಿಲ್ಲ.

ಸೋಮವಾರ ಹತ್ತಕ್ಕೆ ಫೀಕಾ ಕೋಣೆಯಲ್ಲಿ ಎಲ್ಲರೂ ಸೇರಿದರು. ಯಜಮಾನಿ ಬಿರ್ಗಿಟ್ಟಾ ಗಡಿಯಾರ ನೋಡುತ್ತ ನಿಂತಿದ್ದಳು. ವಿಠ್ಠಲ ಬಾಗಿಲ ಬಳಿಯೇ ಉಳಿದ. ಶಹರ್ಬಾನು ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದಳು.

"ಮೊದಲು ಒಂದು ಪುಟ್ಟ ಕೆಲಸ. ನಿಮ್ಮ ನಿಮ್ಮ ಕಂಪ್ಯೂಟರಿನ ಕ್ಯಾಲೆಂಡರ್ ತೆಗೆಯಿರಿ. 2005ರ ಅಕ್ಟೋಬರ್ ಮೂರು ಎಷ್ಟನೇ ವಾರ?"

"ನಲವತ್ತು," ಎಂದಳು ರಮಾ ತನ್ನ ಮೇಜಿಗೆ ಹೋಗಿ ನೋಡಿ ಬಂದು. ವಿಠ್ಠಲನ ಕಂಪ್ಯೂಟರೂ ಅದನ್ನೇ ತೋರಿಸಿತು. ಕಂಪ್ಯೂಟರಿನ ಗೋಜಿಗೇ ಹೋಗದ ಲೆನ್ನಾರ್ಟ್ ಜೇಬಿನಿಂದ ಹೊಸ ವರ್ಷದ ಡೈರಿ ತೆಗೆದು, "ನಲವತ್ತು," ಎಂದು ಗೊಣಗಿದ.

ಹೆನ್ರಿಕ್ ಲ್ಯಾಪ್‌ಟಾಪ್ ತೆರೆದ. ಬಿರ್ಗಿಟ್ಟಾ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ನಲವತ್ತೊಂದು," ಎಂದಳು ಅವಳೇ.

"ಅಮೆರಿಕದಲ್ಲಿ ಜನವರಿ ಒಂದು ಯಾವ ದಿನ ಬಂದರೂ ಅದೇ ಮೊದಲ ವಾರ," ಎಂದಳು ಶಹರ್ಬಾನು. "ಇಲ್ಲಿ ಹಾಗಲ್ಲ. ಮುಂದಿನ ವರ್ಷದ ಜನವರಿ ಒಂದು ಶನಿವಾರ. ಸ್ವೀಡನ್ನಿನ ಲೆಕ್ಕದಲ್ಲಿ ಅದು ಹಳೇ ವರ್ಷದ ಕೊನೇ ವಾರಕ್ಕೆ ಸೇರುತ್ತದೆ. ಹಾಗಾಗಿ ಇಡೀ ವರ್ಷ ಒಂದು ವಾರದ ವ್ಯತ್ಯಾಸ. ವಿಠ್ಠಲನ ಪ್ರೋಗ್ರಾಂ ಇಲ್ಲಿಯ ಲೆಕ್ಕವನ್ನೇ ಹಾಕುತ್ತದೆ. ತಿದ್ದಿದ ಸಾಲು ಹುಟ್ಟಿದ್ದು ಅಮೆರಿಕದ ಕ್ಯಾಲೆಂಡರ್ ಇರುವ ಕಂಪ್ಯೂಟರಿನಲ್ಲಿ."

"ಯಾರಾದರೂ ನನ್ನದನ್ನು ಬಳಸಿರಬಹುದು," ಎಂದ ಹೆನ್ರಿಕ್.

"ಇರಬಹುದು. ಅದಕ್ಕೇ ಇದರಿಂದ ಲಾಭ ಯಾರಿಗೆ ಅಂತ ನೋಡಿದೆ. ಹೋರಿ ಕೊಳ್ಳುವ ಕಸಾಯಿಖಾನೆಯವರ ಕೈವಾಡವಾಗಿದ್ದರೆ ಈ ವಾರದ ಬೆಲೆ ತಿದ್ದುತ್ತಿದ್ದರು. ಅದನ್ನು ಯಾರೂ ಮುಟ್ಟಿಲ್ಲ. ತಿದ್ದಿದ್ದು ಮುಂದಿನ ಶರತ್ಕಾಲದ ಬೆಲೆ. ಈಗ ತಾಯಿಯ ಹಾಲು ಬಿಡಿಸಿ ಮಾರುವ ಕರು ಬೆಳೆದ ಹೋರಿಯಾಗಿ ಮಾರಾಟಕ್ಕೆ ಬರುವುದು ಆಗಲೇ. ಹೋರಿಗೆ ಬೆಲೆ ಇರುವುದಿಲ್ಲ ಅಂದರೆ ಇವತ್ತೇ ಕರುವಿನ ಬೆಲೆ ಬೀಳುತ್ತದೆ. ಲೆನ್ನಾರ್ಟ್‌ನ ತಂಗಿ ಕರು ಮಾರುವವಳು, ಅವಳಿಗೆ ನಷ್ಟ. ಲಾಭ ಕರು ಕೊಳ್ಳುವವರಿಗೆ."

ಅವಳು ಪತ್ರಿಕೆಯ ತುಂಡನ್ನೂ ಆಫೀಸಿನ ಫೋನ್ ಪಟ್ಟಿಯನ್ನೂ ಮೇಜಿನ ಮೇಲೆ ಜೋಡಿಸಿದಳು. ಜಾಹೀರಾತಿನ ನಂಬರೂ, ಶನಿವಾರ ಭಾನುವಾರ ಸಿಗಲೆಂದು ಹೆನ್ರಿಕ್ ಕೊಟ್ಟಿದ್ದ ನಂಬರೂ ಒಂದೇ ಆಗಿದ್ದವು.

"ಎರಡು ನಿಮಿಷದಲ್ಲಿ ಅಷ್ಟು ಅಚ್ಚುಕಟ್ಟಾದ ಸಾಲು ಬರೆಯಲಾಗುವುದಿಲ್ಲ," ಎಂದಳು ಶಹರ್ಬಾನು. "ಮೊದಲೇ ಬರೆದಿಟ್ಟುಕೊಂಡಿರಿ. ವಿಠ್ಠಲ ಗಾಬರಿಯಲ್ಲಿ ಹೊರಟದ್ದು ನೋಡಿ, ಅವನ ಹೆಸರಲ್ಲಿ ತಂದು ಅಂಟಿಸಿದಿರಿ."

ಹೆನ್ರಿಕ್ ಲ್ಯಾಪ್‌ಟಾಪ್ ಮುಚ್ಚಿದ. ಅವನ ಕಿವಿ ಕೆಂಪಗಾಗಿದ್ದವು. "ಅದು ಮಾವನ ಕೊಟ್ಟಿಗೆ," ಎಂದ. "ಜೂನ್‌ನಿಂದ ಖಾಲಿ ನಿಂತಿದೆ. ಅವರು ದಿನಾ ಬೆಳಿಗ್ಗೆ ಎದ್ದು ಹೋಗಿ ಅದರ ದೀಪ ಹಚ್ಚಿ ನೋಡಿ ಬರುತ್ತಾರೆ. ಈ ಬೆಲೆಯಲ್ಲಿ ಅರ್ಧ ಕೊಟ್ಟಿಗೆಯೂ ತುಂಬುತ್ತಿರಲಿಲ್ಲ. ಒಂದೇ ವಾರ ಬೆಲೆ ಇಳಿದರೆ ಸಾಕು, ಆಮೇಲೆ ತಪ್ಪಾಯಿತು ಅಂತ ಪತ್ರ ಕಳಿಸಬಹುದು ಅಂದುಕೊಂಡೆ."

"ಮತ್ತೆ ನಾನು?" ಎಂದ ವಿಠ್ಠಲ. ಅವನ ದನಿ ಏರಲಿಲ್ಲ. "ನನಗೆ ಮಗು ಇರೋದು ಗೊತ್ತಿತ್ತಲ್ಲ ನಿನಗೆ?"

ಬಿರ್ಗಿಟ್ಟಾ ಹೆನ್ರಿಕ್‌ನನ್ನು ತನ್ನ ಕೋಣೆಗೆ ಕರೆದಳು. ಹೋಗುವ ಮುನ್ನ ವಿಠ್ಠಲನ ಕೈ ಹಿಡಿದು ಕ್ಷಮೆ ಕೇಳಿ, ಪರ್ಮಿಟ್ಟಿನ ಕಾಗದ ಮಧ್ಯಾಹ್ನದೊಳಗೆ ತರಲು ಹೇಳಿದಳು.

ರಮಾ ಹನ್ನೊಂದಕ್ಕೆ ತಿದ್ದುಪಡಿ ಪತ್ರ ಬರೆದಳು. ಹನ್ನೊಂದೂವರೆಗೆ ಅದು ಎಂಟುನೂರು ಮನೆಗಳಿಗೂ ಫ್ಯಾಕ್ಸಿನಲ್ಲಿ ಹೊರಟಿತು. ಹನ್ನೆರಡರ ಹೊತ್ತಿಗೆ ಅವಳ ಮೇಜಿನ ಫೋನ್ ಬಡಿದುಕೊಂಡಿತು. ಆ ಕಡೆ ವಯಸ್ಸಾದ ಹೆಂಗಸಿನ ದನಿ, ಅದರ ಹಿಂದೆ ಎಂಜಿನ್ ಸದ್ದು. ಹದಿನಾಲ್ಕು ಕರುಗಳನ್ನು ಒಯ್ಯಲು ಬಂದ ಲಾರಿ ಅಂಗಳದಲ್ಲೇ ನಿಂತಿದೆ, ಪತ್ರ ಈಗಷ್ಟೇ ಕೈಗೆ ಬಂತು, ಯಾವುದನ್ನು ನಂಬಲಿ ಎಂದು ಅವಳು ಕೇಳಿದಳು.

"ಇವತ್ತಿನದನ್ನು," ಎಂದಳು ರಮಾ ತನ್ನ ತಡವರಿಸುವ ಸ್ವೀಡಿಷ್‌ನಲ್ಲಿ. "ಲೆಕ್ಕ ಹಾಕಿದವಳು ನಾನೇ."

ಮುದುಕಿ ಫೋನ್ ಕೆಳಗಿಡದೆಯೇ ಯಾರಿಗೋ ಕೂಗಿ ಹೇಳಿದಳು. ಲಾರಿಯ ಹಿಂಬಾಗಿಲು ಧಡಾರನೆ ಮುಚ್ಚಿಕೊಂಡ ಸದ್ದು, ಅದು ಖಾಲಿಯಾಗಿ ಕುಲುಕಾಡುತ್ತ ಅಂಗಳ ದಾಟಿ ಹೋದ ಸದ್ದು ರಮಾಳಿಗೆ ಸೋಲ್ನಾದವರೆಗೂ ಕೇಳಿಸಿತು.