ಗುರುಬಸವನ ಟ್ಯೂಬು

"ಎಷ್ಟ ತಗೋತೀರ್ರೀ ಮೇಡಂ? ನನಗೂ ಚೂರು ಉಳಸ್ರಿ ಮತ್ತ!"

ಕುರ್ಲಾದ ಲ್ಯಾಬಿನಲ್ಲಿ ತೋಳು ಚಾಚಿ ಕೂತವನ ಧಾರವಾಡದ ಮಾತು ಕೇಳಿ, ರಕ್ತ ತೆಗೆಯುತ್ತಿದ್ದ ಶುಭಾಂಗಿಗೆ ನಗು ತಡೆಯಲಾಗಲಿಲ್ಲ. ಅವನು ಗುರುಬಸವ, ಆಂಟಾಪ್ ಹಿಲ್‌ನಲ್ಲಿ ಕನ್ನಡಕದಂಗಡಿ. ಹಿಂದೊಮ್ಮೆ ಆಪರೇಶನ್ನಿನಲ್ಲಿ ಅವನಿಗೆ ಏರಿಸಿದ ರಕ್ತದಿಂದ ಹೆಪಟೈಟಿಸ್ ಸಿ ಎಂಬ ಲಿವರ್ ರೋಗ ಅಂಟಿಕೊಂಡಿತ್ತು. ಆಗ ಇದ್ದದ್ದು ವರ್ಷವಿಡೀ ಚುಚ್ಚಿಸಿಕೊಳ್ಳುವ ಇಂಜೆಕ್ಷನ್. ಅದು ಯಾರಿಗೆ ನಾಟೀತು ಎಂದು ಜೀನ್ ನೋಡಿ ಮೊದಲೇ ಅಂದಾಜು ಹೇಳುವ ಅಗ್ಗದ ಟೆಸ್ಟು ಶುಭಾಂಗಿಯದು.

ರಿಪೋರ್ಟಿನ ನೆಪದಲ್ಲಿ ಮೂರು ಸಲ ಬಂದ. ಮೂರನೆಯ ಸಲ ಅವಳ ಕನ್ನಡಕ ತೆಗೆದು, ಒರೆಸಿ, ಸ್ಕ್ರೂ ಬಿಗಿದು, ತಾನೇ ಹಾಕಿದ. ಬೆರಳು ಕಿವಿಗೆ ತಾಗಿತು.

"ಈಗ ನಾ ಚಂದ ಕಾಣ್ತೇನೇನು?"

"ಮೊದ್ಲೂ ಕಾಣ್ತಿದ್ರಿ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ರಿಪೋರ್ಟ್ ಚೆನ್ನಾಗಿರಲಿಲ್ಲ. ಔಷಧ ಅವನಿಗೆ ನಾಟುವ ಸಂಭವ ಕಡಿಮೆ.

"ಕಡಿಮಿ ಅಂದ್ರ ಇಲ್ಲಂತಲ್ಲ. ತಗೋತೇನಿ," ಎಂದ. "ಆರಾಮಾದ ಮ್ಯಾಲೆ ನನ್ನ 'ನಮ್ಮನಿಯವ್ರು' ಅಂತೀಯೋ ಇಲ್ಲೋ?"

"ಮೊದ್ಲ ಆರಾಮಾಗ್ರಿ. ಆಮ್ಯಾಲೆ ಅಂತೇನಿ."

ಪ್ರತಿ ಸಲ ಟೆಸ್ಟಿಗೆ, ಉತ್ತರ ಮೊದಲೇ ಗೊತ್ತಿರುವ ಒಂದು ಸ್ಯಾಂಪಲ್ಲನ್ನೂ ಜೊತೆಗಿಡಬೇಕು. ಅದು ಸರಿ ಬಂದರಷ್ಟೇ ಉಳಿದವರ ರಿಪೋರ್ಟ್ ನಂಬಬಹುದು. "ನಂದs ಇಟ್ಕೋ" ಎಂದು ಅವನೇ ಸಹಿ ಹಾಕಿ ಕೊಟ್ಟ. ಅವನ ಡಿಎನ್‌ಎ ಇದ್ದ ಪುಟ್ಟ ಟ್ಯೂಬು ಫ್ರೀಜರ್ ಸೇರಿತು.

ಇಂಜೆಕ್ಷನ್ ನಾಟಲಿಲ್ಲ. ಹೊಸ ಮಾತ್ರೆಗಳು ಬರುತ್ತವಂತೆ ಎಂದು ಎಲ್ಲರೂ ಹೇಳುತ್ತಿದ್ದಾಗಲೇ ಅವನು ಹೋಗಿಬಿಟ್ಟ. ಕೊಟ್ಟ ಮಾತೊಂದು ಅವಳ ಗಂಟಲಲ್ಲೇ ಉಳಿಯಿತು. ಅಯ್ಯೋ, ಅಂದುಬಿಟ್ಟಿದ್ದರೆ ಏನು ಹೋಗುತ್ತಿತ್ತು!

ಆಮೇಲೂ ಪ್ರತಿ ಸೋಮವಾರ ಟೆಸ್ಟಿನ ಯಂತ್ರದ ಪರದೆಯ ಮೇಲೆ ಅವನ ಸ್ಯಾಂಪಲ್ಲಿನ ಗೆರೆ ಮೇಲೇಳುತ್ತಿತ್ತು. "ಬಂದ್ರೇನು?" ಎಂದು ಮೆಲ್ಲಗೆ ಕೇಳುತ್ತಿದ್ದಳು.

ಒಂದು ಸೋಮವಾರ ಟ್ಯೂಬಿನ ತಳದಲ್ಲಿ ಒಂದೇ ಸಲಕ್ಕಾಗುವಷ್ಟು ಉಳಿದಿತ್ತು. ಹೊರಗಿನ ಬೆಂಚಿನಲ್ಲಿ ವಿಜಯಪುರದ ಚನ್ನವ್ವ, ಮಗಳ ರಿಪೋರ್ಟಿಗೆ ಕಾಯುತ್ತಿದ್ದಳು. ಅದು ಬಂದರೇ ಡಾಕ್ಟರು ಇಂಜೆಕ್ಷನ್ ಶುರು ಮಾಡುವುದು.

ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಶೀತಲ್ ಶುಭಾಂಗಿಯ ಕೈ ಹಿಡಿದಳು. "ಶುಭಾ, ಇದನ್ನ ಇಟ್ಕೋ. ಜೊತೆಗಿಡಾಕ ಬೇರೆ ಸ್ಯಾಂಪಲ್ ಹದಿನೈದು ದಿನದಾಗ ಬರ್ತದ. ಅವ್ರು ಕಾಯ್ತಾರ."

ಶುಭಾಂಗಿ ಬಾಗಿಲ ಗಾಜಿನಾಚೆ ನೋಡಿದಳು. ಚನ್ನವ್ವ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಶುಭಾಂಗಿ ಟ್ಯೂಬಿನ ಮುಚ್ಚಳ ತೆಗೆದಳು.

ಎರಡು ಗಂಟೆಯ ಮೇಲೆ ಅವನ ಗೆರೆ ಎದ್ದಿತು, ಎಂದಿನಂತೆ, ಸರಿಯಾಗಿ. ಪಕ್ಕದಲ್ಲಿ ಹುಡುಗಿಯದೂ ಬಂತು. ಕನ್ನಡಕ ಒರೆಸಿಕೊಂಡು ಹೊರಗೆ ಹೋದಳು.

"ಚಲೋ ಬಂದೈತ್ರಿ. ನಿಮ್ಮ ಮಗಳಿಗೆ ಔಷಧ ನಾಟೂ ಸಂಭವ ಜಾಸ್ತಿ."

"ಖರೇನ ಅವ್ವಾ? ಯಾರು ಹೇಳಿದ್ರು, ದೊಡ್ಡ ಡಾಕ್ಟರಾ?"

"ಇಲ್ರಿ," ಎಂದಳು ಶುಭಾಂಗಿ. "ನಮ್ಮನಿಯವ್ರು."