ಪೇಂಟರನ ಬಲಗೈ

ಬೆಳಿಗ್ಗೆ ಠಾಣೆ ಗುಡಿಸುವ ಹೊತ್ತಿಗೇ ಅಕ್ಷರದ ಮೇಷ್ಟ್ರು ದೂರು ಹಿಡಿದು ಬಂದರು. ಅಚ್ಚಿನ ಅಕ್ಷರಗಳನ್ನು ಕೈಯಲ್ಲಿ ಬರೆಯಲು ಕಲಿಸುವ ಅವರ ಶಾಲೆಗೆ ಹಿಂದಿನ ಸಂಜೆ ಬೆಂಕಿ ಬಿದ್ದಿತ್ತು. ಹಾಳೆಗಳನ್ನು ಉಳಿಸಲು ಒಳಗೆ ನುಗ್ಗಿದ ವಿದ್ಯಾರ್ಥಿನಿಯ ಎರಡೂ ಕೈ ಸುಟ್ಟಿದ್ದವು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಜತೆ ಸ್ಥಳಕ್ಕೆ ಹೋದರು.

ಪಂಚನಾಮೆಯಲ್ಲಿ ಕಂಡದ್ದು: ಬೀಗ ಒಡೆದಿಲ್ಲ. ಮೇಜುಗಳಿಗೆ ಹೊಗೆ ಹಿಡಿದಿದೆ, ಅಷ್ಟೇ. ಮೂಲೆಯ ಬೀರು ಮಾತ್ರ ಪೂರ್ತಿ ಬೂದಿ.

"ಅದ್ರಲ್ಲಿ ಯಾರ ಹಾಳೆ ಇದ್ವು?" ಇನ್ಸ್‌ಪೆಕ್ಟರ್ ಜತೆಗೆ ಬಂದಿದ್ದ ಮೇಷ್ಟ್ರನ್ನು ಕೇಳಿದರು.

"ಆ ಹುಡುಗೀದೇ. ಅವರಪ್ಪ ಇಲ್ಲಿನ ಅಂಗಡಿ ಬೋರ್ಡುಗಳನ್ನೆಲ್ಲ ಬರೆದೋರು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯ್ತು. ಅಪ್ಪನ ಅಕ್ಷರ ಅಪ್ಪನ ಜತೇಲೇ ಹೋಗ್ಬಾರ್ದು ಅಂತ ಕಲಿಯೋಕೆ ಬಂದ್ಲು. ಮೊದಮೊದ್ಲು ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರ್ತಿರ್ಲಿಲ್ಲ."

"ಬೀಗದ ಕೈ?"

"ನನ್ನ ಹತ್ರ ಒಂದು, ಅವಳ ಹತ್ರ ಒಂದು."

ಹಿಂಬಾಗಿಲ ಹೊರಗೆ ಟರ್ಪೆಂಟೈನ್ ಡಬ್ಬಿ ಬಿದ್ದಿತ್ತು. ಪ್ಲಾಸ್ಟಿಕ್ ಮುಚ್ಚಳದ ಮೇಲೆ ಹಲ್ಲಿನ ಗುರುತು. "ಇಲಿಗಳಿಗೂ ಇದರ ರುಚಿ ಹತ್ತಿತಾ ಸಾರ್?" ಎಂದ ಕಾನ್‌ಸ್ಟೇಬಲ್. ಇನ್ಸ್‌ಪೆಕ್ಟರ್ ನಗಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗಿಯ ಕೈಗಳಿಗೆ ಮೊಣಕೈವರೆಗೆ ಬ್ಯಾಂಡೇಜ್ ಸುತ್ತಿದ್ದರು. ಬೆರಳು ಇನ್ನು ಕುಂಚ ಹಿಡಿಯಲಾರವು ಎಂದು ಡಾಕ್ಟರ್ ಆಗಲೇ ಹೇಳಿಯಾಗಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾಮ್ಮಾ?"

ಅವಳು ಗೋಡೆಯತ್ತ ಮುಖ ತಿರುಗಿಸಿದಳು. "ಇಲ್ಲ ಸಾರ್. ವೈರ್ ಏನೋ ಸುಟ್ಟಿರ್ಬೇಕು."

ಪಕ್ಕದಲ್ಲಿ ಕೂತಿದ್ದ ಅಪ್ಪ ಮಗಳಿಗೆ ನೀರು ಕುಡಿಸಲು ಬಾಟಲಿ ಎತ್ತಿದರು. ಎಡಗೈಯಲ್ಲಿ ಹಿಡಿದು, ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತಿರುಗಿಸಿದರು. ಇನ್ಸ್‌ಪೆಕ್ಟರ್ ಆ ಮುಚ್ಚಳವನ್ನೇ ನೋಡಿದರು. ತಾನು ಕಂಡದ್ದು ಸುಳ್ಳಾಗಿರಲಿ ಎಂದು ಮನಸ್ಸು ಬಯಸಿತು. ಅವರನ್ನು ಹೊರಗೆ ಕರೆದರು.

"ಮಗಳ ಬೀಗದ ಕೈ ತಗೊಂಡಿದ್ರಾ?"

"ಅವಳು ಒಳಗೆ ನುಗ್ತಾಳೆ ಅಂತ ಅಂದ್ಕೊಂಡಿರ್ಲಿಲ್ಲ ಸಾರ್."

"ಯಾಕೆ ಹಚ್ಚಿದ್ರಿ?"

"ದಿನಾ ನನ್ನ ಕೈ ಹಿಡ್ಕೊಂಡು ತಿದ್ದಿಸ್ತಿದ್ಲು. ಚಿಕ್ಕೋಳಿದ್ದಾಗ ನಾನು ತಿದ್ದಿಸ್ತಿದ್ದ ಹಾಗೇ. ಬರುತ್ತೆ ಅಪ್ಪಾ, ಬರುತ್ತೆ ಅನ್ನೋಳು. ಬರ್ಲಿಲ್ಲ. ಮೊನ್ನೆ ಅವಳ ಹಾಳೆ ನೋಡಿದೆ. ಅಕ್ಷರದ ಹೊಟ್ಟೆ, ಬಾಲ, ಎಲ್ಲ ನಂದೇ. ನನಗಿಂತ ಚೆನ್ನಾಗಿತ್ತು. ಇನ್ನು ನಾನು ಯಾತಕ್ಕೆ ಸಾರ್?"

ಅಲ್ಲೇ ಬಂಧಿಸಿದರು. ವಿಷಯ ತಿಳಿಸಲು ಇನ್ಸ್‌ಪೆಕ್ಟರ್ ಒಳಗೆ ಹೋದಾಗ ಹುಡುಗಿ ಅಳಲಿಲ್ಲ. "ನಂಗೆ ಆಗಲೇ ಗೊತ್ತಿತ್ತು. ಅಪ್ಪನ ಶರ್ಟಿನ ಗುಂಡಿ ಲಾಕಪ್ಪಲ್ಲಿ ಯಾರು ಹಾಕ್ತಾರೆ ಸಾರ್?"

"ನಾನು ಹಾಕ್ತೀನಮ್ಮಾ," ಎಂದ ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ 'ಅಸೂಯೆ' ಎಂದು ಇನ್ಸ್‌ಪೆಕ್ಟರ್ ಬರೆದರು. ಅದಷ್ಟೇ ಅಲ್ಲವೆಂದು ಅವರಿಗೆ ಗೊತ್ತಿತ್ತು. ಬೇರೆ ಪದ ಹೊಳೆಯಲಿಲ್ಲ.