ಫೋನ್ ಇಡ್ಬೇಡ ಅಕ್ಕಾ

"ಕೊನೇ ಕಾಲ್ ನಂದು! ಬೇರೆ ಯಾರೂ ಎತ್ತಬಾರದು!"

ಮಿಡತೆ ಸ್ಟೂಲಿನ ಮೇಲೆ ನಿಂತು, ಗೋಡೆಯ ಹಲಗೆಯ ಮೇಲಿದ್ದ ಕೆಂಪು ಫೋನಿಗೆ ಕಾವಲು ಕಾಯುತ್ತಿದ್ದಳು. ಕೆಳಗೆ ಲೈನ್‌ಮನ್ ಅಂಕಲ್ ಕುಕ್ಕರುಗಾಲಲ್ಲಿ ಕೂತು, ಸ್ಕ್ರೂಡ್ರೈವರ್ ಹಿಡಿದು ತಯಾರಾಗಿದ್ದರು.

"ಆಯ್ತೇನಮ್ಮಾ? ವೈರ್ ಬಿಚ್ಚಲಾ?"

"ಇನ್ನೊಂಚೂರು ಇರಿ ಅಂಕಲ್. ಈಗ ಬಂದೇ ಬರುತ್ತೆ!"

ಅವಳಿಗೆ ಒಳ್ಳೆಯ ಹೆಸರೊಂದು ಇತ್ತು. ಆದರೆ ನಡೆಯಬೇಕಾದ ಕಡೆಯೆಲ್ಲ ನೆಗೆಯುತ್ತಾಳೆ ಎಂದು ತಾತ ಅವಳನ್ನು ಮಿಡತೆ ಅಂದಿದ್ದೇ ಅಂದಿದ್ದು, ಸ್ಕೂಲಿನ ಹಾಜರಿ ಒಂದನ್ನು ಬಿಟ್ಟು ಎಲ್ಲ ಕಡೆ ಅದೇ ಹೆಸರು ನಿಂತುಹೋಯಿತು.

ಅಪ್ಪ ಪ್ಲಂಬರ್. ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಸ್ಕೂಲು ಬಿಟ್ಟ ಮೇಲೆ ಮನೆಗೆ ಬರುವ ಕಾಲ್‌ಗಳನ್ನೆಲ್ಲ ಎತ್ತುವವಳು ಮಿಡತೆಯೇ. "ಹಲೋ, ಪ್ಲಂಬರ್ ಮನೆ. ಏನು ಸೋರ್ತಾ ಇದೆ?" ಎಂದು ಅವಳು ಗತ್ತಿನಿಂದ ಕೇಳಿದರೆ, ಆ ಕಡೆಯವರು ಒಂದು ಕ್ಷಣ ತಮ್ಮ ಸೋರುವ ಪೈಪನ್ನೇ ಮರೆತುಬಿಡುತ್ತಿದ್ದರು. ಅಡುಗೆಮನೆಯೋ ಬಾತ್‌ರೂಮೋ, ವಾಲ್ವ್ ಮುಚ್ಚಿದ್ದೀರೋ ಇಲ್ಲವೋ, ಮನೆ ಎಲ್ಲಿ, ಎಲ್ಲವನ್ನೂ ಕೇಳಿ ತಲೆಯಲ್ಲಿಟ್ಟುಕೊಂಡು, ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಒಪ್ಪಿಸುತ್ತಿದ್ದಳು.

ಇವತ್ತಿಗೆ ಆ ಫೋನಿನ ಕೆಲಸ ಮುಗಿಯಿತು. ಮೇಜಿನ ಮೇಲೆ ಹೊಸ ಸೆಲ್ ಫೋನ್ ಡಬ್ಬದೊಳಗೆ ಕೂತಿತ್ತು. ಮಿಡತೆಯ ಒಂದು ಕಣ್ಣು ಇಲ್ಲಿ, ಒಂದು ಕಣ್ಣು ಅಲ್ಲಿ.

ಟ್ರಿಣ್ ಟ್ರಿಣ್! ಟ್ರಿಣ್ ಟ್ರಿಣ್!

"ಬಂತು ಬಂತು!" ಮಿಡತೆ ರಿಸೀವರ್ ಕಿತ್ತುಕೊಂಡಳು. "ಹಲೋ, ಪ್ಲಂಬರ್ ಮನೆ! ಏನು ಸೋರ್ತಾ ಇದೆ?"

ಆ ಕಡೆಯಿಂದ ಒಂದು ದಪ್ಪ ಸ್ವರ. "ಏನೂ ಸೋರ್ತಿಲ್ಲ. ಇದು ಸೋಫಾ ರಿಪೇರಿ ಅಂಗಡಿ ಅಲ್ವಾ?"

"ರಾಂಗ್ ನಂಬರ್," ಎಂದು ಮಿಡತೆ ಸಪ್ಪೆ ಮುಖ ಮಾಡಿ ಫೋನ್ ಇಟ್ಟಳು.

ತಾತ ಕುರ್ಚಿಯಲ್ಲಿ ಹೊಟ್ಟೆ ಕುಲುಕಿಸಿ ನಕ್ಕರು. "ಪಾಪ! ಇಷ್ಟು ವರ್ಷ ದುಡಿದು, ರಿಟೈರ್ ಆಗೋ ದಿನ ರಾಂಗ್ ನಂಬರ್!"

ಲೈನ್‌ಮನ್ ಅಂಕಲ್ ವೈರ್ ಬಿಚ್ಚಿದರು. ಗೋಡೆಯಲ್ಲಿ ಫೋನಿನಷ್ಟೇ ಅಗಲದ ಒಂದು ಬಿಳಿ ಗುರುತು ಉಳಿಯಿತು. ಅದನ್ನು ನೋಡುತ್ತ ಕೂರಲು ಮಿಡತೆಗೆ ಪುರುಸೊತ್ತೆಲ್ಲಿ? ಅವಳು ಆಗಲೇ ಡಬ್ಬದ ಹತ್ತಿರ ಹಾರಿದ್ದಳು.

ಆ ಸಂಜೆ ಮನೆಯಲ್ಲಿ ಗದ್ದಲವೋ ಗದ್ದಲ. ಅಮ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಳು. ಫೋಟೋದಲ್ಲಿ ಅಪ್ಪನ ಗಡ್ಡ ಬಂತು, ತಾತನ ಅರ್ಧ ತಲೆ ಬಂತು, ಮಿಡತೆ ನೆಗೆದಿದ್ದರಿಂದ ಅವಳ ಕಾಲು ಮಾತ್ರ ಬಂತು. ತಾತ ಫೋನನ್ನು ಹಿಂದೆ ಮುಂದೆ ತಿರುಗಿಸಿ, "ಕಿವಿಗೆ ಯಾವುದು, ಬಾಯಿಗೆ ಯಾವುದು? ಎಲ್ಲಾ ಒಂದೇ ಥರ ಇದೆಯಲ್ಲೋ!" ಎಂದರು. ಯಾರೂ ನೋಡದಾಗ ಮಿಡತೆ ರಿಂಗ್‌ಟೋನ್ ಬದಲಾಯಿಸಿದಳು. ಕೋಳಿ ಕೂಗುವ ಸದ್ದು. ಅದೂ ಫುಲ್ ವಾಲ್ಯೂಮ್.

ಮಾರನೇ ದಿನ ಅಪ್ಪ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಸಿಂಕಿನ ಕೆಳಗೆ ಮಲಗಿ ನಟ್ ಬಿಗಿಯುತ್ತಿದ್ದಾಗ, ಜೇಬಿನಲ್ಲಿದ್ದ ಕೋಳಿ ಕೂಗಿತು. ಅಪ್ಪ ಬೆಚ್ಚಿ ಎದ್ದರು. ಮೇಲೆ ಸಿಂಕ್ ಇತ್ತು.

ಸಂಜೆ ಅವರು ಹಣೆಯ ಮೇಲೆ ಬುಗುಟು ಹೊತ್ತುಕೊಂಡು ಬಂದರು.

"ಇದು ಆಟದ ಸಾಮಾನಲ್ಲ," ಎಂದರು ಅಪ್ಪ. ಜೋರಾಗಿ ಹೇಳಲಿಲ್ಲ. ಅದೇ ಹೆಚ್ಚು ಚುರುಕ್ಕೆಂದಿತು. "ಇನ್ಮೇಲೆ ಈ ಫೋನ್ ನನ್ನ ಜೇಬಲ್ಲೇ ಇರುತ್ತೆ. ಕಾಲ್ ನಾನೇ ಎತ್ಕೋತೀನಿ. ನೀನು ಮುಟ್ಟಬೇಡ."

"ಹಾಗಾದ್ರೆ ನನ್ನ ಕೆಲಸ?"

"ಯಾವ ಕೆಲಸ? ಹೋಮ್‌ವರ್ಕ್ ಇಲ್ವಾ ನಿನಗೆ?"

ಅಂದಿನಿಂದ ಮಿಡತೆ ಸ್ಕೂಲಿನಿಂದ ಬಂದರೆ ಮನೆ ತೆಪ್ಪಗಿರುತ್ತಿತ್ತು. ಯಾರ ನಲ್ಲಿ ಸೋರುತ್ತಿದೆ, ಯಾರ ಟ್ಯಾಂಕು ತುಂಬಿ ಹರಿಯುತ್ತಿದೆ, ಊರಿನ ಒಂದು ಸುದ್ದಿಯೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹೋಮ್‌ವರ್ಕ್ ಮಾತ್ರ ಬೇಗ ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ಬ್ಯಾಗು ಎಸೆದು ಒಳಗೆ ಬಂದಾಗ ಮೂಲೆಯಲ್ಲಿ ಏನೋ ಗುಂಯ್‌ಗುಟ್ಟಿತು. ಆಮೇಲೆ, ಟ್ರಿಣ್ ಟ್ರಿಣ್! ಕೋಳಿ ಕೂಗನ್ನು ಅಪ್ಪ ತೆಗೆದುಹಾಕಿದ್ದರಿಂದ ಹೊಸ ಫೋನು ಹಳೇ ಫೋನಿನ ಸ್ವರದಲ್ಲಿ ಹೊಡೆದುಕೊಳ್ಳುತ್ತಿತ್ತು. ಊಟಕ್ಕೆ ಬಂದಿದ್ದ ಅಪ್ಪ ಆಗಷ್ಟೇ ಚಾರ್ಜಿಗೆ ಹಾಕಿ, ಅವಸರದಲ್ಲಿ ಮರೆತು ಹೋಗಿದ್ದರು.

ಮಿಡತೆ ಕೈ ಹಿಂದೆ ಕಟ್ಟಿಕೊಂಡು ನಿಂತಳು. ರಿಂಗ್ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಮತ್ತೆ ಶುರು.

"ಎತ್ತೇ!" ತಾತ ಕುರ್ಚಿಯಿಂದಲೇ ಕೂಗಿದರು. "ಇಷ್ಟು ಸಲ ಹೊಡ್ಕೋತಿದೆ ಅಂದ್ರೆ ಯಾರಿಗೋ ಏನೋ ಆಗಿದೆ."

"ಅಪ್ಪ ಬೈತಾರೆ!"

"ಬೈಯ್ಲಿ. ನಾನು ಅವನ ಅಪ್ಪ!"

ಮಿಡತೆ ಒಂದೇ ನೆಗೆತಕ್ಕೆ ಫೋನ್ ಹಿಡಿದಳು. "ಹಲೋ, ಪ್ಲಂಬರ್ ಮನೆ. ಏನು ಸೋರ್ತಾ ಇದೆ?"

ಆ ಕಡೆಯಿಂದ ಅಳು ಬಂತು. ದೊಡ್ಡವರ ಅಳು ಅಲ್ಲ. ಮೂಗು ಸೊರ್ ಎನ್ನುವ, ಪುಟ್ಟ ಹುಡುಗನ ಅಳು.

"ಬಾತ್‌ರೂಮಿನ ನಲ್ಲಿ... ನಲ್ಲಿ ಕೈಗೇ ಬಂದ್ಬಿಡ್ತು! ನಾನು ಸುಮ್ನೆ ತಿರುಗಿಸ್ದೆ! ನೀರು ಬರ್ತಾನೇ ಇದೆ!"

"ಅಳಬೇಡ, ಅಳಬೇಡ. ಏನು ಹೆಸರು ನಿಂದು?"

"ಚೋಟು."

"ಚೋಟು, ಮನೇಲಿ ಯಾರಿದ್ದಾರೆ?"

"ಅಜ್ಜಿ. ಅಜ್ಜಿ ಕಾಲಿಗೆ ಪ್ಲಾಸ್ಟರ್. ಎದ್ದೇಳೋಕಾಗಲ್ಲ. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಾಳೆ."

ಹಿಂದಿನಿಂದ ಒಂದು ಮುದಿ ಸ್ವರ ಕೂಗಿ ಕೂಗಿ ವಿಳಾಸ ಹೇಳಿತು. ನೀರಿನ ದೊಡ್ಡ ಟ್ಯಾಂಕಿನ ಹಿಂದುಗಡೆ, ನೀಲಿ ಬಿಲ್ಡಿಂಗು, ಎರಡನೇ ಮಹಡಿ. ಮಿಡತೆ ಅದನ್ನು ತಲೆಯಲ್ಲಿಟ್ಟುಕೊಂಡಳು.

"ಚೋಟು, ಬಾತ್‌ರೂಮ್ ಹೊರಗೆ ಗೋಡೆ ಮೇಲೆ ಒಂದು ಪುಟಾಣಿ ಕೆಂಪು ಚಕ್ರ ಇದೆಯಾ ನೋಡು. ಇದ್ರೆ ತಿರುಗಿಸು."

"ಇರು, ಫೋನ್ ಇಟ್ಟು ಹೋಗ್ಬೇಕು. ವೈರ್ ಸಾಲಲ್ಲ."

ಅವರ ಮನೆಯದು ಹಳೇ ಥರದ ಫೋನು. ರಿಸೀವರ್ ಟಕ್ಕೆಂದು ಮೇಜಿಗೆ ಇಟ್ಟ ಸದ್ದು, ಪಚಕ್ ಪಚಕ್ ಹೆಜ್ಜೆ, ಆಮೇಲೆ ಪಚಕ್ ಪಚಕ್ ಎಂದು ವಾಪಸ್.

"ಚಕ್ರ ಇದೆ. ತಿರುಗ್ತಿಲ್ಲ! ಗಟ್ಟಿಯಾಗಿದೆ! ನೀರು ಅಜ್ಜಿ ರೂಮಿಗೆ ಬರ್ತಿದೆ!"

ವಾಲ್ವ್ ತಿರುಗದಿದ್ದರೆ ಏನು ಮಾಡಬೇಕು? ಅಪ್ಪ ಏನು ಕೇಳುತ್ತಿದ್ದರು?

"ಬಾತ್‌ರೂಮಲ್ಲಿ ನೀರು ಹೋಗೋ ತೂತು ಇರುತ್ತಲ್ಲ, ಅದರ ಮೇಲೆ ಏನಾದ್ರೂ ಬಿದ್ದಿದೆಯಾ?"

ಟಕ್. ಪಚಕ್ ಪಚಕ್. ಪಚಕ್ ಪಚಕ್.

"ನನ್ನ ಚಡ್ಡಿ ಬಿದ್ದಿತ್ತು. ತೆಗೆದೆ. ಈಗ ನೀರು ಗುಳುಗುಳು ಅಂತ ಹೋಗ್ತಿದೆ!"

"ಶಹಭಾಷ್! ನೀನು ಪ್ಲಂಬರ್ ಆಗೋ ಹಾಗೇ ಇದ್ದೀಯ. ಒದ್ದೆ ಕೈಯಲ್ಲಿ ಸ್ವಿಚ್ ಮಾತ್ರ ಮುಟ್ಟಬೇಡ, ತಿಳೀತಾ? ಒಂದು ಬೆಡ್‌ಶೀಟ್ ಸುತ್ತಿ ಅಜ್ಜಿ ಬಾಗಿಲಿಗೆ ಅಡ್ಡ ಇಡು. ಮುಂಬಾಗಿಲ ಚಿಲಕ ತೆಗೆದಿಡು. ನಾನು ಅಪ್ಪನ್ನ ಕರ್ಕೊಂಡು ಬರ್ತೀನಿ."

"ಬೇಡ! ಫೋನ್ ಇಡ್ಬೇಡ ಅಕ್ಕಾ!"

ಮಿಡತೆ ಗಕ್ಕನೆ ನಿಂತಳು. ಅಪ್ಪ ಇರುವುದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಬೆಳಿಗ್ಗೆ ಹೇಳಿಯೇ ಹೋಗಿದ್ದರು. ಅಲ್ಲಿಗೆ ಹೋಗಬೇಕು, ಈ ಹುಡುಗನ ಜೊತೆ ಮಾತೂ ಆಡಬೇಕು. ಒಂದು ಕ್ಷಣ ಗೋಡೆಯ ಬಿಳಿ ಗುರುತಿನ ಕಡೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಫೋನ್ ನೋಡಿದಳು. ಚಾರ್ಜರ್ ಕಿತ್ತರೆ ಅದಕ್ಕೆ ಯಾವ ವೈರೂ ಇರಲಿಲ್ಲ!

"ಇಡಲ್ಲ ಚೋಟು! ಫೋನ್ ಹಿಡ್ಕೊಂಡೇ ಓಡ್ತೀನಿ! ತಾತಾ, ಪ್ರೆಸ್ಸಿಗೆ ಹೋಗ್ತಿದ್ದೀನಿ!"

"ಹುಷಾರು ಕಣೇ! ರಸ್ತೆ ನೋಡ್ಕೊಂಡು!" ಎಂದ ತಾತನ ಮಾತು ಮುಗಿಯುವಷ್ಟರಲ್ಲಿ ಅವಳು ಗೇಟಿನಾಚೆ ಇದ್ದಳು.

"ಅಕ್ಕಾ, ಇದ್ದೀಯಾ?"

"ಇದ್ದೀನಿ! ಟೈಲರ್ ಅಂಗಡಿ ಮುಂದೆ ಓಡ್ತಿದ್ದೀನಿ. ಬೆಡ್‌ಶೀಟ್ ಇಟ್ಟೆಯಾ?"

"ಇಟ್ಟೆ. ಅಜ್ಜಿ ತಲೆದಿಂಬೂ ಇಟ್ಟೆ."

"ತಲೆದಿಂಬು ಯಾಕೋ?"

"ಬೆಡ್‌ಶೀಟ್ ಸಾಲಲಿಲ್ಲ. ಅಜ್ಜಿ ಬೈತಿದ್ದಾಳೆ."

ಓಡುತ್ತ ಓಡುತ್ತ ಮಿಡತೆಗೆ ನಗು ಬಂತು. ನಕ್ಕರೆ ಉಸಿರು ಸಾಲಲಿಲ್ಲ. ಸೈಕಲ್ ಅಂಗಡಿಯವನು, "ಏನೇ ಮಿಡತೆ, ಯಾರ ಜೊತೆ ಮಾತು?" ಎಂದ. "ಎಮರ್ಜೆನ್ಸಿ!" ಎಂದು ಕೂಗಿ ಅವಳು ರಸ್ತೆ ಬದಿಯ ಮೆಟ್ಟಿಲು ಇಳಿದಳು.

"ಅಕ್ಕಾ, ಈಗ ಎಲ್ಲಿದ್ದೀಯ?"

"ಗೋಡೌನ್ ಹಿಂದಿನ ಗಲ್ಲಿ. ಶಾರ್ಟ್‌ಕಟ್!"

"ಅಕ್ಕಾ, ಅಮ್ಮ ಬಂದ್ರೆ ಹೊಡೀತಾಳಾ?"

"ಗೊತ್ತಿಲ್ಲ. ನಾನು ಅಪ್ಪನ ಫೋನಿಗೆ ಕೋಳಿ ಸೌಂಡ್ ಹಾಕಿದ್ದೆ. ಅಪ್ಪನ ತಲೆಗೆ ಸಿಂಕ್ ಹೊಡೀತು. ಆದ್ರೂ ನನಗೆ ಹೊಡೀಲಿಲ್ಲ."

ಆ ಕಡೆ ಅಳು ನಿಂತು ಒಂದು ಕಿಸಕ್ ಎಂಬ ನಗು ಕೇಳಿತು. ಆಗಲೇ ಫೋನು ಟೊಂಯ್ ಎಂದಿತು. ಪರದೆಯ ಮೂಲೆಯಲ್ಲಿ ಬ್ಯಾಟರಿ ಕೆಂಪಗಾಗಿತ್ತು.

ಪ್ರೆಸ್ಸಿನೊಳಗೆ ಮೆಶಿನ್‌ಗಳು ಧಡಕ್ ಧಡಕ್ ಎನ್ನುತ್ತಿದ್ದವು. ಕಾಗದದ ರಾಶಿಗಳ ನಡುವೆ ನುಗ್ಗಿ ಮಿಡತೆ ಹಿಂದಿನ ಕೋಣೆಗೆ ಹೋದಳು. ತೊಟ್ಟಿಯ ಕೆಳಗಿಂದ ಅಪ್ಪನ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಅಪ್ಪಾ! ಅಪ್ಪಾ!"

ಮೆಶಿನ್ ಗದ್ದಲದಲ್ಲಿ ಕೇಳಿದರೆ ತಾನೇ? ಅವಳು ಕಾಲು ಹಿಡಿದು ಎಳೆದಳು. ಅಪ್ಪ ತಲೆ ಕಾಪಾಡಿಕೊಂಡು ಮೆಲ್ಲಗೆ ಹೊರಬಂದರು. ಮೊದಲು ಮಗಳನ್ನು, ಆಮೇಲೆ ಅವಳ ಕೈಯಲ್ಲಿದ್ದ ಫೋನನ್ನು ನೋಡಿದರು. ಹುಬ್ಬು ಗಂಟಾಯಿತು. "ಮುಟ್ಟಬೇಡ ಅಂತ..."

"ಬಾತ್‌ರೂಮಿನ ನಲ್ಲಿ ಕಿತ್ತುಬಂದಿದೆ, ವಾಲ್ವ್ ಜಾಮ್, ನೀರು ಹೋಗೋ ತೂತು ಬಿಡಿಸಿದೆ, ಮನೇಲಿ ಅಜ್ಜಿ ಮತ್ತೆ ಚಿಕ್ಕ ಹುಡುಗ ಮಾತ್ರ, ನೀರಿನ ಟ್ಯಾಂಕ್ ಹಿಂದೆ ನೀಲಿ ಬಿಲ್ಡಿಂಗ್ ಎರಡನೇ ಮಹಡಿ!" ಒಂದೇ ಉಸಿರಿಗೆ ಹೇಳಿ ಮಿಡತೆ ಗೋಡೆಗೆ ಒರಗಿದಳು.

ಅಪ್ಪನ ಹುಬ್ಬಿನ ಗಂಟು ಬಿಚ್ಚಿತು. ಅವರು ಚೀಲ ಎತ್ತಿಕೊಂಡರು. "ನಡಿ."

ಮಿಡತೆ ಫೋನ್ ಕಿವಿಗಿಟ್ಟಳು. "ಚೋಟು, ಅಪ್ಪ ಸಿಕ್ಕಿದ್ರು! ನಾವೀಗ..." ಆದರೆ ಫೋನ್ ಸತ್ತುಹೋಗಿತ್ತು.

ಸ್ಕೂಟರ್ ಎಷ್ಟು ಜೋರಾಗಿ ಹೋದರೂ ಅವಳಿಗೆ ಆಮೆ ಹೋದ ಹಾಗಿತ್ತು. 'ಇಡಲ್ಲ' ಅಂದಿದ್ದೆ. ಅವನು ಏನಂದುಕೊಂಡನೋ?

ನೀಲಿ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ಅಪ್ಪ ನೇರವಾಗಿ ಆ ಕೆಂಪು ಚಕ್ರದ ಬಳಿಗೆ ನಡೆದರು. ಹಾಲಿನ ಮೂಲೆಯಲ್ಲಿ, ಸೊಂಟದವರೆಗೆ ಒದ್ದೆಯಾದ ಪುಟ್ಟ ಹುಡುಗನೊಬ್ಬ ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ನಿಂತಿದ್ದ. ಅದರೊಳಗಿಂದ ಟೂಂ ಟೂಂ ಎಂಬ ಸದ್ದಷ್ಟೇ ಬರುತ್ತಿತ್ತು.

"ಚೋಟು!"

ಅವನು ಅವಳನ್ನೇ ದಿಟ್ಟಿಸಿ ನೋಡಿದ. ಆಮೇಲೆ ಫೋನಿನೊಳಗೆ, "ಅಕ್ಕ ಬಂದ್ಲು," ಎಂದು ಹೇಳಿ ರಿಸೀವರನ್ನು ಮೆತ್ತಗೆ ಕೆಳಗಿಟ್ಟ. ಒತ್ತಿ ಒತ್ತಿ ಅವನ ಒಂದು ಕಿವಿ ಕೆಂಪಗಾಗಿತ್ತು.

ಕಿರ್ರ್ ಎಂದು ವಾಲ್ವ್ ತಿರುಗಿತು. ನೀರು ನಿಂತಿತು. ಒಳಗಿನಿಂದ ಅಜ್ಜಿ, "ಬಂದ್ರಾ? ದೇವರು ಬಂದ ಹಾಗೆ ಬಂದ್ರಿ! ಯಾರಾದ್ರೂ ನನ್ನ ತಲೆದಿಂಬು ಕೊಡ್ರಪ್ಪಾ!" ಎಂದರು.

ಅಪ್ಪ ಹೊಸ ನಲ್ಲಿ ಹಾಕುವಷ್ಟರಲ್ಲಿ ಮಿಡತೆ ಮತ್ತು ಚೋಟು ನೆಲದ ನೀರನ್ನೆಲ್ಲ ಪೊರಕೆಯಲ್ಲಿ ಬಾತ್‌ರೂಮಿಗೆ ತಳ್ಳಿದರು. ತಳ್ಳಿದ್ದಕ್ಕಿಂತ ಆಟವಾಡಿದ್ದೇ ಹೆಚ್ಚು. ಚೋಟುವಿನ ಅಮ್ಮ ಮಾರ್ಕೆಟ್ಟಿನ ಚೀಲ ಹಿಡಿದು ಬಂದಾಗ ಅವನು ಮಿಡತೆಯ ಬೆನ್ನ ಹಿಂದೆ ಸೇರಿದ. ಅಲ್ಲಿಂದಲೇ ಮುಖ ಹೊರಗಿಟ್ಟು, "ನಲ್ಲಿ ನಾನೇ ಮುರಿದೆ. ಅಜ್ಜಿ ಅಲ್ಲ," ಎಂದ.

"ಅಜ್ಜಿ ಯಾಕೋ ನಲ್ಲಿ ಮುರೀತಾರೆ?" ಎಂದು ಅವನ ಅಮ್ಮ ಬೈಯಲು ಹೋಗಿ ನಕ್ಕುಬಿಟ್ಟಳು.

ವಾಪಸ್ ಬರುವಾಗ ಅಪ್ಪ ಸ್ಕೂಟರನ್ನು ನಿಧಾನವಾಗಿ ಓಡಿಸಿದರು.

"ಇಡೀ ದಾರಿ ಆ ಹುಡುಗನ ಜೊತೆ ಮಾತಾಡ್ತಾ ಬಂದ್ಯಾ?"

"ಹೂಂ. ಇಡ್ಬೇಡ ಅಂದ."

"ನಾನಾಗಿದ್ರೆ 'ಬರ್ತಿದ್ದೀನಿ' ಅಂತ ಹೇಳಿ ಕಟ್ ಮಾಡಿರ್ತಿದ್ದೆ," ಎಂದರು ಅಪ್ಪ. ಸ್ವಲ್ಪ ದೂರ ಹೋದ ಮೇಲೆ, ತಮಗೆ ತಾವೇ ಹೇಳಿಕೊಂಡ ಹಾಗೆ, "ಪಾಪ, ಅಷ್ಟು ಚಿಕ್ಕವನು," ಎಂದರು.

ಗೋಡೌನ್ ಹಿಂದಿನ ಗಲ್ಲಿಗೆ ಸ್ಕೂಟರ್ ತಿರುಗಿದಾಗ, ಕಾಂಪೌಂಡಿನ ಕರೀ ನಾಯಿ ಬೊವ್ ಎಂದು ಹಾರಿ ಬಂತು. ಮಿಡತೆ ಅಪ್ಪನ ಸೊಂಟವನ್ನು ಗಟ್ಟಿಯಾಗಿ ಹಿಡಿದಳು. ಆ ನಾಯಿಯ ಹೆದರಿಕೆಗೆ ಅವಳು ಯಾವತ್ತೂ ದೊಡ್ಡ ರಸ್ತೆ ಸುತ್ತಿಯೇ ಬರುವವಳು.

ಆದರೆ ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಗಲ್ಲಿಯಲ್ಲಿ, ಇದೇ ನಾಯಿಯ ಮುಂದೆಯೇ ತಾನು ಒಬ್ಬಳೇ ಓಡಿದ್ದೆನಲ್ಲ?

ಒಬ್ಬಳೇ?

ಮಿಡತೆ ಒಂದು ಕೈ ಬಿಡಿಸಿಕೊಂಡು ತನ್ನ ಕಿವಿ ಮುಟ್ಟಿ ನೋಡಿದಳು. ಚೋಟುವಿನ ಕೆಂಪು ಕಿವಿಯ ಹಾಗೆ ಅದೂ ಇನ್ನೂ ಬೆಚ್ಚಗಿತ್ತು.